ಥರ್ಮಾಮೀಟರ್‌ಗೆ ಕಾಣದ ಶಾಖ: ಕೆಟಲ್ ಕಥೆಯಲ್ಲಿ ಹೆಸರೇ ಇಲ್ಲದ ಜೋಸೆಫ್ ಬ್ಲ್ಯಾಕ್

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಒಲೆಯ ಮೇಲೆ ಕೆಟಲ್, ಪಕ್ಕದಲ್ಲಿ ಕೆನ್ನೆಗೆ ಕೈ ಕೊಟ್ಟು ಕುಳಿತ ಹುಡುಗ, ಉಗಿಯ ಒತ್ತಡಕ್ಕೆ ಕುಣಿಯುವ ಮುಚ್ಚಳ. ಅದನ್ನು ನೋಡಿಯೇ ಜೇಮ್ಸ್ ವ್ಯಾಟ್ ಉಗಿ ಯಂತ್ರ ಕಂಡುಹಿಡಿದರು ಎನ್ನುತ್ತದೆ ಮೆಸೇಜು. ಕೊನೆಯಲ್ಲಿ ನಿಮ್ಮ ಮಕ್ಕಳಲ್ಲೂ ಕುತೂಹಲ ಬೆಳೆಸಿ ಎಂಬ ಬುದ್ಧಿಮಾತು.

ಉದ್ದೇಶ ಒಳ್ಳೆಯದೇ, ಇಸವಿಗಳು ಮಾತ್ರ ಹೊಂದುವುದಿಲ್ಲ. ವ್ಯಾಟ್ ಹುಟ್ಟಿದ್ದು 1736ರಲ್ಲಿ. ಥಾಮಸ್ ನ್ಯೂಕಮನ್ ಎಂಬುವರ ಉಗಿ ಯಂತ್ರ ಇಂಗ್ಲೆಂಡಿನ ಗಣಿಗಳಿಂದ ನೀರೆತ್ತಲು ಶುರು ಮಾಡಿದ್ದು 1712ರಲ್ಲಿ, ಅಂದರೆ ವ್ಯಾಟ್ ಹುಟ್ಟುವುದಕ್ಕೆ 24 ವರ್ಷ ಮೊದಲೇ. ವ್ಯಾಟ್ ಮಾಡಿದ್ದು ಆ ಯಂತ್ರ ನುಂಗುತ್ತಿದ್ದ ಕಲ್ಲಿದ್ದಲನ್ನು ಭಾರೀ ಪ್ರಮಾಣದಲ್ಲಿ ಉಳಿಸಿದ ಕೆಲಸ. ಅದು ಸಣ್ಣದಲ್ಲ, ಆದರೆ ಕಂಡುಹಿಡಿದದ್ದು ಅಂತೂ ಅಲ್ಲ.

ಹಾಗೆ ನೋಡಿದರೆ ಕುದಿಯುವ ಕೆಟಲ್ ಮುಂದೆ ಕುಳಿತವರು ಕೇಳಬೇಕಾದ ಪ್ರಶ್ನೆ ಮುಚ್ಚಳದ್ದಲ್ಲ. ಒಲೆಯ ಮೇಲಿಟ್ಟ ನೀರು ಕೆಲವೇ ನಿಮಿಷದಲ್ಲಿ ಕುದಿಯುತ್ತದೆ. ಆಮೇಲೂ ಉರಿ ಉರಿಯುತ್ತಲೇ ಇರುತ್ತದೆ, ಶಾಖ ಪಾತ್ರೆಗೆ ಹೋಗುತ್ತಲೇ ಇರುತ್ತದೆ. ಆದರೂ ನೀರು ಇನ್ನಷ್ಟು ಬಿಸಿಯಾಗುವುದಿಲ್ಲ. ಒಂದೇ ಸಲಕ್ಕೆ ಆವಿಯಾಗಿ ಹಾರಿಯೂ ಹೋಗುವುದಿಲ್ಲ. ಹಾಗಾದರೆ ಅಷ್ಟು ಶಾಖ ಹೋಗುವುದೆಲ್ಲಿಗೆ? ಇದನ್ನು ಗಂಭೀರವಾಗಿ ಕೇಳಿ, ಗಡಿಯಾರ ಹಿಡಿದು ಉತ್ತರವನ್ನು ಅಳೆದವರು ಗ್ಲಾಸ್ಗೋ ಊರಿನ ಒಬ್ಬ ಡಾಕ್ಟರು. ವ್ಯಾಟ್ ಅವರ ಸ್ನೇಹಿತರು. ಕೆಟಲ್ ಫಾರ್ವರ್ಡ್‌ನಲ್ಲಿ ಅವರ ಹೆಸರು ಇರುವುದೇ ಇಲ್ಲ.

ವೈನ್ ವ್ಯಾಪಾರಿಯ ಮಗ

ಜೋಸೆಫ್ ಬ್ಲ್ಯಾಕ್ ಹುಟ್ಟಿದ್ದು 1728ರ ಏಪ್ರಿಲ್ 16ರಂದು, ಫ್ರಾನ್ಸಿನ ಬೋರ್ಡೋದಲ್ಲಿ. ತಂದೆ ಬೆಲ್‌ಫಾಸ್ಟ್ ಮೂಲದವರು, ಬೋರ್ಡೋದಲ್ಲಿ ವೈನ್ ವ್ಯಾಪಾರ. ತಾಯಿಯ ಮನೆತನ ಸ್ಕಾಟ್ಲೆಂಡಿನದು, ಅವರದ್ದೂ ಅದೇ ವ್ಯಾಪಾರ. ಮನೆ ತುಂಬ ಮಕ್ಕಳು. ಅಕ್ಷರ ಕಲಿಸಿದ್ದು ತಾಯಿಯೇ. 12ನೇ ವಯಸ್ಸಿಗೆ ಬೆಲ್‌ಫಾಸ್ಟ್‌ನ ಶಾಲೆ, ಅಲ್ಲಿಂದ ಗ್ಲಾಸ್ಗೋ ವಿಶ್ವವಿದ್ಯಾಲಯ. ಹೊಟ್ಟೆಪಾಡಿಗಾಗುವ ಒಂದು ವೃತ್ತಿ ಹಿಡಿ ಎಂದು ತಂದೆ ಒತ್ತಾಯಿಸಿದಾಗ ವೈದ್ಯಕೀಯ ಆರಿಸಿಕೊಂಡರು.

ಗ್ಲಾಸ್ಗೋದಲ್ಲಿ ವಿಲಿಯಂ ಕಲೆನ್ ಆಗಷ್ಟೇ ರಸಾಯನಶಾಸ್ತ್ರದ ಪಾಠ ಶುರು ಮಾಡಿದ್ದರು. ಬ್ಲ್ಯಾಕ್ ಅವರಿಗೆ ಪ್ರಯೋಗಶಾಲೆಯಲ್ಲಿ ಸಹಾಯಕರಾದರು. ಈಥರ್‌ನಂಥ ಬೇಗ ಆರುವ ದ್ರವ ಆವಿಯಾಗುವಾಗ ಸುತ್ತಲಿನದ್ದೆಲ್ಲ ತಣ್ಣಗಾಗುತ್ತದೆ ಎಂಬುದನ್ನು ಕಲೆನ್ ಪ್ರಯೋಗ ಮಾಡಿ ತೋರಿಸಿದ್ದರು. ಅಂಗೈಗೆ ಸ್ಯಾನಿಟೈಸರ್ ಹಾಕಿಕೊಂಡಾಗ ಆಗುವ ತಂಪು ಇದೇ. ಏಕೆ ಹೀಗಾಗುತ್ತದೆ ಎಂಬ ಲೆಕ್ಕ ಮಾತ್ರ ಗುರುವಿಗೆ ಸಿಕ್ಕಿರಲಿಲ್ಲ.

ಕಲ್ಲು ಕರಗಿಸುವ ಔಷಧಿಯ ಹುಚ್ಚು

1752ರಲ್ಲಿ ಬ್ಲ್ಯಾಕ್ ವೈದ್ಯ ಪದವಿ ಮುಗಿಸಲು ಎಡಿನ್‌ಬರೋಗೆ ಹೋದರು. ಆಗ ಬ್ರಿಟನ್ನಿನಲ್ಲಿ ಮೂತ್ರಕೋಶದ ಕಲ್ಲು ದೊಡ್ಡ ಪಿಡುಗು. ಅರಿವಳಿಕೆ ಇಲ್ಲದ ಕಾಲ, ಆಪರೇಷನ್ ಎಂದರೆ ಜೀವದಾಸೆ ಬಿಟ್ಟು ಮಲಗಬೇಕು. ಕುಡಿದರೆ ಕಲ್ಲು ಕರಗುವ ಔಷಧಿ ಎಂದರೆ ಯಾರು ಬೇಡ ಎನ್ನುತ್ತಾರೆ? ಜೊವಾನಾ ಸ್ಟೀಫನ್ಸ್ ಎಂಬ ಮಹಿಳೆ ತನ್ನ ಹತ್ತಿರ ಅಂಥದ್ದೊಂದು ಇದೆ ಎಂದಾಗ ಬ್ರಿಟಿಷ್ ಪಾರ್ಲಿಮೆಂಟ್ 1739ರಲ್ಲಿ ಆ ಗುಟ್ಟಿಗೆ 5,000 ಪೌಂಡ್ ಕೊಟ್ಟಿತು. ಬಹಿರಂಗವಾದ ಗುಟ್ಟಿನಲ್ಲಿ ಇದ್ದದ್ದು ಸುಟ್ಟ ಮೊಟ್ಟೆ ಚಿಪ್ಪು, ಸುಟ್ಟ ಬಸವನಹುಳು, ಸೋಪು ಮತ್ತು ಒಂದಷ್ಟು ಸೊಪ್ಪು. ವಾಟ್ಸ್‌ಆ್ಯಪ್ ಇಲ್ಲದಿದ್ದರೂ ಫಾರ್ವರ್ಡ್‌ಗಳಿಗೆ ಕೊರತೆ ಇರಲಿಲ್ಲ ಅನ್ನಿ.

ಚಿಪ್ಪು ಸುಟ್ಟರೆ ಸಿಗುವುದು ಸುಣ್ಣ. ಯಾವ ಸುಣ್ಣದ ತಿಳಿನೀರು ಮೇಲು, ಕಪ್ಪೆಚಿಪ್ಪಿನದ್ದೋ ಸುಣ್ಣಕಲ್ಲಿನದ್ದೋ ಎಂದು ಎಡಿನ್‌ಬರೋದ ಇಬ್ಬರು ಪ್ರೊಫೆಸರುಗಳು ಜಗಳಕ್ಕೇ ಬಿದ್ದಿದ್ದರು. ಇಬ್ಬರೂ ಬ್ಲ್ಯಾಕ್‌ಗೆ ಪಾಠ ಮಾಡುವವರು. ಅವರ ನಡುವೆ ಸಿಕ್ಕಿಹಾಕಿಕೊಳ್ಳದೆ ಬ್ಲ್ಯಾಕ್ ಜಾಣತನದಿಂದ ಬೇರೊಂದು ಪುಡಿಯನ್ನು ಆರಿಸಿಕೊಂಡರು: ಮೆಗ್ನೀಷಿಯಾ ಆಲ್ಬಾ.

ಅದನ್ನು ಕಾಯಿಸಿದರು, ತೂಗಿದರು. ತೂಕ ಇಳಿದಿತ್ತು. ಏನೋ ಹೊರಟುಹೋಗಿದೆ, ಅದು ನೀರಲ್ಲ, ಒಂದು ಗಾಳಿ. ಸುಣ್ಣಕಲ್ಲು ಸುಟ್ಟಾಗಲೂ ಇದೇ ಕಥೆ. ಸುಟ್ಟ ಸುಣ್ಣ ಕೈ ಸುಡುವುದು ಬೆಂಕಿಯ ಕಣಗಳು ಒಳಹೊಕ್ಕಿದ್ದರಿಂದ ಎಂದು ಅಂದಿನ ವಿದ್ವಾಂಸರು ನಂಬಿದ್ದರು. ಬ್ಲ್ಯಾಕ್ ತಕ್ಕಡಿ ಹಿಡಿದು ತೋರಿಸಿದ್ದು ಇದರ ಉಲ್ಟಾ: ಒಳಗೆ ಏನೂ ಬಂದಿಲ್ಲ, ಒಳಗಿದ್ದದ್ದು ಹೊರಗೆ ಹೋಗಿದೆ. ಆ ಗಾಳಿಯನ್ನು ಮತ್ತೆ ಕೂಡಿಸಿದರೆ ಸುಣ್ಣ ಮೊದಲಿನ ಕಲ್ಲಿನ ಪುಡಿಯಂತೆಯೇ ಆಗುತ್ತಿತ್ತು. ನಾವು ಉಸಿರು ಬಿಡುವಾಗ, ಇದ್ದಿಲು ಉರಿಯುವಾಗ, ಹುಳಿ ಬರುವಾಗ ಹೊರಡುವುದೂ ಅದೇ ಗಾಳಿ ಎಂದು ಮುಂದೆ ಅವರೇ ತೋರಿಸಿದರು. ಇಂದು ನಾವು ಅದನ್ನು ಕಾರ್ಬನ್ ಡೈಆಕ್ಸೈಡ್ ಎನ್ನುತ್ತೇವೆ. 1754ರ ಪದವಿ ಪ್ರಬಂಧ, 1756ರಲ್ಲಿ ವಿಸ್ತರಿಸಿ ಅಚ್ಚಾಯಿತು.

ಕಲ್ಲು ಕರಗಿಸುವ ಔಷಧಿ ಮಾತ್ರ ಸಿಗಲಿಲ್ಲ. ಕಿಡ್ನಿ ಕಲ್ಲಿಗೆ ಸುಣ್ಣ ತಿನ್ನಿ ಎಂಬ ಮೆಸೇಜು ನಿಮಗೆ ಬಂದರೆ ದಯವಿಟ್ಟು ಅಲ್ಲಿಗೇ ನಿಲ್ಲಿಸಿ. ಸುಣ್ಣ ಬಾಯಿ, ಅನ್ನನಾಳವನ್ನು ಸುಡುವ ವಸ್ತು.

ಎರಡು ಗಾಜಿನ ಬುರುಡೆ, ಒಂದು ಖಾಲಿ ಹಜಾರ

1756ರಲ್ಲಿ ಬ್ಲ್ಯಾಕ್ ಪ್ರೊಫೆಸರಾಗಿ ಗ್ಲಾಸ್ಗೋಗೆ ಮರಳಿದರು. ವಯಸ್ಸು 28. ಬೆಳಿಗ್ಗೆ ಪಾಠ, ಉಳಿದ ಹೊತ್ತು ರೋಗಿಗಳು. ಇದರ ನಡುವೆ ತಲೆಯಲ್ಲಿ ಕೊರೆಯುತ್ತಿದ್ದದ್ದು ಮಂಜುಗಡ್ಡೆ.

ಆಗಿನ ತಿಳಿವಳಿಕೆ ಹೀಗಿತ್ತು: ಮಂಜು ಕರಗುವ ತಾಪಮಾನಕ್ಕೆ ಬಂದು ನಿಂತಿದೆ ಎಂದರೆ ಇನ್ನು ಒಂಚೂರು ಶಾಖ ಕೊಟ್ಟರೆ ಸಾಕು, ಪೂರ್ತಿ ನೀರಾಗುತ್ತದೆ. ಥರ್ಮಾಮೀಟರ್ ಇದನ್ನೇ ಹೇಳುವಂತೆ ಕಾಣುತ್ತಿತ್ತು, ಏಕೆಂದರೆ ಕರಗುವ ಮಂಜು ಮತ್ತು ಆಗತಾನೇ ಕರಗಿದ ನೀರು ಎರಡರಲ್ಲೂ ಅದು ತೋರಿಸುವುದು ಒಂದೇ ಅಂಕಿ. ಬ್ಲ್ಯಾಕ್ ಕಿಟಕಿಯಾಚೆ ನೋಡಿದರು. ಆ ಮಾತು ನಿಜವಾಗಿದ್ದರೆ ಚಳಿಗಾಲ ಮುಗಿದು ಮೊದಲ ಬಿಸಿಲು ಬಿದ್ದ ದಿನವೇ ಬೆಟ್ಟಗಳ ಹಿಮವೆಲ್ಲ ಕ್ಷಣದಲ್ಲಿ ನೀರಾಗಿ ಕಣಿವೆಯ ಊರುಗಳನ್ನು ಕೊಚ್ಚಿಕೊಂಡು ಹೋಗಬೇಕಿತ್ತು. ಸ್ಕಾಟ್ಲೆಂಡಿನಲ್ಲಿ ಹಿಮ ವಾರಗಟ್ಟಲೆ ಕರಗುತ್ತದೆ. ಎಲ್ಲರೂ ಹುಟ್ಟಿದಾಗಿನಿಂದ ನೋಡಿದ್ದ ಸಂಗತಿ ಇದು. ಇದನ್ನೇ ಸಾಕ್ಷಿಯಾಗಿ ಹಿಡಿಯಬಹುದು ಎಂದು ಬ್ಲ್ಯಾಕ್‌ಗೆ ಹೊಳೆಯಿತು.

1761ರ ಡಿಸೆಂಬರ್. ತೆಳು ಗಾಜಿನ ಎರಡು ಬುರುಡೆ, ಒಂದೊಂದೂ ಸುಮಾರು 4 ಅಂಗುಲ ಅಗಲ. ಎರಡರಲ್ಲೂ ಒಂದೇ ಅಳತೆಯ ನೀರು. ಒಂದರ ನೀರನ್ನು ಪೂರ್ತಿ ಹೆಪ್ಪುಗಟ್ಟಿಸಿದರು. ಇನ್ನೊಂದನ್ನು ಹೆಪ್ಪುಗಟ್ಟುವ ಅಂಚಿನವರೆಗೆ, 33 ಡಿಗ್ರಿ ಫ್ಯಾರನ್‌ಹೀಟ್‌ಗೆ ತಣಿಸಿದರು. ಆ ಅಳತೆಯಲ್ಲಿ ನೀರು ಹೆಪ್ಪುಗಟ್ಟುವುದು 32ಕ್ಕೆ. ಎರಡನ್ನೂ ಒಂದು ದೊಡ್ಡ ಖಾಲಿ ಹಜಾರದಲ್ಲಿ ಒಂದೂವರೆ ಅಡಿ ಅಂತರದಲ್ಲಿ ತೂಗುಹಾಕಿದರು. ಹಜಾರದ ಗಾಳಿ 47 ಡಿಗ್ರಿ, ನಮ್ಮ ಲೆಕ್ಕದಲ್ಲಿ ಸುಮಾರು 8 ಸೆಲ್ಸಿಯಸ್. ಸುತ್ತಲಿನ ಗಾಳಿ ಎರಡಕ್ಕೂ ಸರಿಸುಮಾರು ಒಂದೇ ವೇಗದಲ್ಲಿ ಶಾಖ ಕೊಡುತ್ತದೆ. ಹಾಗಾಗಿ ಸಮಯವನ್ನು ಅಳೆದರೆ ಶಾಖವನ್ನು ಅಳೆದಂತೆಯೇ.

ನೀರಿನ ಬುರುಡೆ 33ರಿಂದ 40 ಡಿಗ್ರಿಗೆ ಏರಲು ಅರ್ಧ ಗಂಟೆ ತೆಗೆದುಕೊಂಡಿತು. ಮಂಜಿನ ಬುರುಡೆ ಕರಗಿ ಅದೇ 40 ಡಿಗ್ರಿ ತಲುಪಲು ಹಿಡಿದದ್ದು ಹತ್ತೂವರೆ ಗಂಟೆ.

ಲೆಕ್ಕ ಶಾಲೆಯ ಮಕ್ಕಳೂ ಮಾಡಬಹುದಾದ್ದು. ಅರ್ಧ ಗಂಟೆಗೆ 7 ಡಿಗ್ರಿಯಷ್ಟು ಶಾಖ. ಹತ್ತೂವರೆ ಗಂಟೆಯಲ್ಲಿ 21 ಅರ್ಧ ಗಂಟೆಗಳು, ಒಟ್ಟು 147. ಇದರಲ್ಲಿ ಕರಗಿದ ನೀರನ್ನು 32ರಿಂದ 40ಕ್ಕೆ ಏರಿಸಲು ಹೋದದ್ದು 8. ಉಳಿದ 139 ಡಿಗ್ರಿಯಷ್ಟು ಶಾಖ ಥರ್ಮಾಮೀಟರ್‌ಗೆ ಕಾಣದಂತೆ ಮಂಜಿನೊಳಗೆ ಹೋಗಿ ಅಡಗಿತು. ಅದಕ್ಕೇ ಅವರಿಟ್ಟ ಹೆಸರಿಗೆ ಅಡಗಿದ ಶಾಖ ಎಂದೇ ಅರ್ಥ, ನಮ್ಮ ಪಠ್ಯಪುಸ್ತಕದಲ್ಲಿ ಗುಪ್ತೋಷ್ಣ. ಸೆಲ್ಸಿಯಸ್‌ಗೆ ತಿರುಗಿಸಿದರೆ ಅವರ ಉತ್ತರ ಸುಮಾರು 77. ಇಂದಿನ ಉಪಕರಣಗಳು ಹೇಳುವುದು ಹೆಚ್ಚುಕಡಿಮೆ 80. ಎರಡು ಗಾಜಿನ ಬುರುಡೆ, ಒಂದು ಗಡಿಯಾರದಲ್ಲಿ ಇಷ್ಟು ಹತ್ತಿರ ಬಂದದ್ದು ನಮಗೆ ಇವತ್ತಿಗೂ ಬೆರಗು.

ಈ ಶಾಖ ಮಾಡುವುದೇನು? ಮಂಜಿನಲ್ಲಿ ನೀರಿನ ಅಣುಗಳು ಒಂದನ್ನೊಂದು ಹಿಡಿದು ಸಾಲಾಗಿ ನಿಂತಿರುತ್ತವೆ. ಕರಗುವಾಗ ಒಳಬಂದ ಶಕ್ತಿಯೆಲ್ಲ ಆ ಹಿಡಿತ ಸಡಿಲಿಸಲು ಖರ್ಚಾಗುತ್ತದೆ. ಅಣುಗಳ ಓಡಾಟ ಜೋರಾಗುವುದಿಲ್ಲ, ತಾಪಮಾನ ಅಳೆಯುವುದು ಆ ಓಡಾಟವನ್ನೇ. ಬ್ಲ್ಯಾಕ್ ಕಾಲಕ್ಕೆ ಇದು ಗೊತ್ತಿರಲಿಲ್ಲ. ಶಾಖ ಎಂದರೆ ಒಂದು ದ್ರವವೋ ಕಂಪನವೋ ಎಂಬ ವಾದದಲ್ಲಿ ಅವರು ಪಟ್ಟು ಹಿಡಿಯಲೂ ಇಲ್ಲ, ಅಳೆಯುವುದಷ್ಟೇ ತಮ್ಮ ಕೆಲಸ ಎಂದುಕೊಂಡರು.

ಇದೇ ಲೆಕ್ಕ ನಮ್ಮ ಎಸಿ ಅಂಗಡಿಯಲ್ಲೂ ಇದೆ. ಒಂದು ಟನ್ ಎಸಿ ಎಂದರೆ ಅದರ ತೂಕ ಎಂದು ನಂಬಿದವರು ಬಹಳ. ಅದು ಹಾಗಲ್ಲ. ಅಮೆರಿಕದ ಅಳತೆಯ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗಲು ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ಸಾಮರ್ಥ್ಯ ಅದು. ಹೀಗಾಗಿ ಬೇಸಿಗೆಯಲ್ಲಿ ಓಡಾಡುವ ಫ್ಯಾನ್ ಮುಂದೆ ಐಸ್ ಬಾಟಲಿ ಇಟ್ಟರೆ ಎಸಿ ಎಂಬ ವಿಡಿಯೋವನ್ನು ನಾವೇ ಪರೀಕ್ಷಿಸಿಬಿಡಬಹುದು. ಒಂದು ಲೀಟರಿನ ಐಸ್ ಬಾಟಲಿ ಪೂರ್ತಿ ಕರಗಿದಾಗ ಹೀರುವ ಶಾಖವನ್ನು ಒಂದು ಟನ್ ಎಸಿ ಒಂದೂವರೆ ನಿಮಿಷದಲ್ಲಿ ಹೊರಹಾಕುತ್ತದೆ. ಅದೂ ಅಲ್ಲದೆ ಆ ಐಸ್ ಆದದ್ದು ಮನೆಯ ಫ್ರಿಜ್ಜಿನಲ್ಲೇ. ನೀರು ಹೆಪ್ಪುಗಟ್ಟುವಾಗ ಬಿಟ್ಟುಕೊಟ್ಟ ಶಾಖ, ಜೊತೆಗೆ ಫ್ರಿಜ್ಜು ತಿಂದ ಕರೆಂಟಿನ ಶಾಖ, ಎರಡೂ ಅದರ ಹಿಂಭಾಗದಿಂದ ಅಡುಗೆಮನೆಗೇ ಬಂದಿರುತ್ತವೆ.

ನಾಲ್ಕು ನಿಮಿಷ, ಇಪ್ಪತ್ತು ನಿಮಿಷ

1762ರ ಏಪ್ರಿಲ್ 23ರಂದು ಬ್ಲ್ಯಾಕ್ ಗ್ಲಾಸ್ಗೋದ ವಿದ್ವಾಂಸರ ಒಂದು ಕೂಟದಲ್ಲಿ ತಮ್ಮ ಪ್ರಬಂಧ ಓದಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಕುದಿಯುವ ನೀರಿಗೆ ಕೈ ಹಾಕಿದರು. ಚಪ್ಪಟೆ ತಳದ ತಗಡಿನ ಪಾತ್ರೆಗಳಲ್ಲಿ 50 ಡಿಗ್ರಿಯ, ಅಂದರೆ 10 ಸೆಲ್ಸಿಯಸ್‌ನ ನೀರು. ಕೆಂಪಗೆ ಕಾದ ಎರಕದ ಕಬ್ಬಿಣದ ಒಲೆಹಾಸಿನ ಮೇಲೆ ಇಟ್ಟರು. ನಾಲ್ಕು ನಿಮಿಷಕ್ಕೆ ಕುದಿ ಬಂತು. ಪೂರ್ತಿ ಆವಿಯಾಗಿ ತಳ ಒಣಗಲು ಮತ್ತೆ ಇಪ್ಪತ್ತು ನಿಮಿಷ. ಅಂದರೆ ನೀರನ್ನು ಕುದಿಯುವವರೆಗೆ ಬಿಸಿ ಮಾಡಲು ಬೇಕಾದದ್ದರ ಐದು ಪಟ್ಟು ಶಾಖ ಬರೀ ಆವಿ ಮಾಡುವುದಕ್ಕೇ. ಸೆಲ್ಸಿಯಸ್‌ನಲ್ಲಿ 450ರಷ್ಟು. ನಿಜವಾದ ಬೆಲೆ 540ರ ಹತ್ತಿರ, ಈ ಸಲ ಅವರ ಅಳತೆ ಅಷ್ಟು ನಿಖರವಲ್ಲ. ಆದರೆ ದಿಕ್ಕು ಸರಿಯಿತ್ತು.

ಇದರಲ್ಲಿ ನಮ್ಮ ಗ್ಯಾಸ್ ಬಿಲ್ಲೂ ಇದೆ. ಬೇಳೆ ಕುದಿ ಬಂದ ಮೇಲೂ ಉರಿ ಜೋರು ಇಟ್ಟರೆ ಬೇಗ ಬೇಯುತ್ತದೆ ಎಂದು ಬಹಳ ಮನೆಗಳಲ್ಲಿ ನಂಬಿಕೆ. ತೆರೆದ ಪಾತ್ರೆಯ ನೀರು ಸಣ್ಣ ಉರಿಯಲ್ಲಿ ಕುದಿದರೂ ಜೋರು ಉರಿಯಲ್ಲಿ ಕುದಿದರೂ ತಾಪಮಾನ ಸುಮಾರು 100ರಲ್ಲೇ ನಿಂತಿರುತ್ತದೆ. ಹೆಚ್ಚುವರಿ ಗ್ಯಾಸೆಲ್ಲ ಆವಿಯಾಗಿ ಹೋಗುತ್ತದೆ. ಕುದಿ ಬಂದ ಮೇಲೆ ಉರಿ ಇಳಿಸಿ, ಮುಚ್ಚಳ ಮುಚ್ಚಿ. ಕುಕ್ಕರಿನಲ್ಲಿ ಒತ್ತಡದಿಂದ ಕುದಿಯುವ ಬಿಂದುವೇ ಮೇಲೇರುತ್ತದೆ, ಅದಕ್ಕೇ ಬೇಗ ಬೇಯುವುದು. ಸೀಟಿ ಬಂದ ಮೇಲೆ ಅಲ್ಲೂ ಉರಿ ಸಣ್ಣದೇ ಸಾಕು.

ಇನ್ನೊಂದು ವಿಷಯ ಗ್ಯಾಸಿಗಿಂತ ಮುಖ್ಯ. ಹಬೆ ತಾನೇ, ನೀರಿನಷ್ಟು ಸುಡಲ್ಲ ಎಂದುಕೊಂಡು ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಕೈ ಹಾಕುವವರಿದ್ದಾರೆ. 100 ಡಿಗ್ರಿಯ ಒಂದು ಗ್ರಾಂ ನೀರು ಮೈಗೆ ತಾಗಿ ದೇಹದ ತಾಪಮಾನಕ್ಕೆ ಇಳಿಯುವಾಗ ಕೊಡುವುದು ಸುಮಾರು 63 ಕ್ಯಾಲರಿ. ಅದೇ 100 ಡಿಗ್ರಿಯ ಒಂದು ಗ್ರಾಂ ಹಬೆ ಚರ್ಮದ ಮೇಲೆ ನೀರಾಗುವಾಗಲೇ 540 ಕ್ಯಾಲರಿ ಸುರಿಯುತ್ತದೆ, ಆಮೇಲೆ ಆ 63 ಬೇರೆ. ಹತ್ತಿರ ಹತ್ತಿರ ಹತ್ತು ಪಟ್ಟು. ಮುಚ್ಚಳವನ್ನು ನಿಮ್ಮಿಂದ ಆಚೆ ಕಡೆಗೆ ಓರೆ ಮಾಡಿ ತೆಗೆಯಿರಿ. ಸುಟ್ಟರೆ ಬಳೆ, ಉಂಗುರ ಬಿಚ್ಚಿ, ನಲ್ಲಿಯ ತಣ್ಣನೆ ಹರಿಯುವ ನೀರಿನಲ್ಲಿ 20 ನಿಮಿಷ ಹಿಡಿಯಿರಿ. ಐಸ್, ಟೂತ್‌ಪೇಸ್ಟ್, ತುಪ್ಪ ಯಾವುದೂ ಬೇಡ. ಮುಖಕ್ಕೆ ತಾಗಿದ್ದರೆ, ಗಾಯ ದೊಡ್ಡದಿದ್ದರೆ, ಸುಟ್ಟವರು ಮಗುವಾಗಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ವ್ಯಾಟ್ ಬಂದು ಕೇಳಿದ್ದು

ಜೇಮ್ಸ್ ವ್ಯಾಟ್ ಅದೇ ವಿಶ್ವವಿದ್ಯಾಲಯದ ಆವರಣದಲ್ಲಿ ಉಪಕರಣಗಳನ್ನು ತಯಾರಿಸುವ, ರಿಪೇರಿ ಮಾಡುವ ಅಂಗಡಿ ಇಟ್ಟುಕೊಂಡಿದ್ದರು. ಬ್ಲ್ಯಾಕ್‌ಗೆ ಬೇಕಾದ ಸಲಕರಣೆಯನ್ನೂ ಮಾಡಿಕೊಡುತ್ತಿದ್ದರು. 1763ರ ಹೊತ್ತಿಗೆ ನ್ಯೂಕಮನ್ ಯಂತ್ರದ ಒಂದು ಪುಟ್ಟ ಮಾದರಿ ರಿಪೇರಿಗೆ ಬಂತು. ಸರಿ ಮಾಡಿದರೂ ಅದು ನಾಲ್ಕು ಸಲ ಆಡಿ ನಿಲ್ಲುತ್ತಿತ್ತು, ಉಗಿ ಸಾಲುತ್ತಿರಲಿಲ್ಲ. ವ್ಯಾಟ್ ಅಳತೆ ಶುರು ಮಾಡಿದರು. ಒಂದು ಪಾಲು ನೀರಿನಿಂದಾದ ಉಗಿ ತನ್ನ ಆರು ಪಟ್ಟು ತೂಕದ ತಣ್ಣೀರನ್ನು ಕುದಿಯುವ ಹಂತಕ್ಕೆ ತರುತ್ತದೆ ಎಂದು ಕಂಡು ಬೆಚ್ಚಿದರು. ಉಗಿಯ ತಾಪಮಾನವೂ ಕುದಿಯುವ ನೀರಿನದ್ದೇ, ಮತ್ತೆ ಇಷ್ಟು ಶಾಖ ಎಲ್ಲಿಂದ?

ಬ್ಲ್ಯಾಕ್ ಹತ್ತಿರ ಹೋಗಿ ಕೇಳಿದಾಗ, ಅವರು ಕ್ಲಾಸಿನಲ್ಲಿ ಆಗಲೇ ಹೇಳಿಕೊಡುತ್ತಿದ್ದ ಗುಪ್ತೋಷ್ಣದ ಸಂಗತಿಯನ್ನು ವಿವರಿಸಿದರು. 1765ರಲ್ಲಿ ವ್ಯಾಟ್‌ಗೆ ಉಪಾಯ ಹೊಳೆಯಿತು: ಉಗಿಯನ್ನು ಸಿಲಿಂಡರಿನೊಳಗೇ ತಣಿಸುವ ಬದಲು ಪಕ್ಕದ ಬೇರೆ ಪಾತ್ರೆಗೆ ಒಯ್ದು ತಣಿಸಬೇಕು, ಸಿಲಿಂಡರ್ ಸದಾ ಬಿಸಿಯಾಗಿಯೇ ಇರಲಿ. 1769ರಲ್ಲಿ ಪೇಟೆಂಟ್ ಸಿಕ್ಕಿತು. ಆ ಕಷ್ಟದ ವರ್ಷಗಳಲ್ಲಿ ಬ್ಲ್ಯಾಕ್ ಕೈಯಿಂದ ದುಡ್ಡನ್ನೂ ಸಾಲ ಕೊಟ್ಟರು.

ಇಲ್ಲಿ ಕೆಟಲ್ ಕಥೆಗೆ ಎದುರಾಗಿ ಇನ್ನೊಂದು ಕಥೆ ಹುಟ್ಟಿಕೊಂಡಿತು. ವ್ಯಾಟ್ ಬ್ಲ್ಯಾಕ್‌ನ ಶಿಷ್ಯ, ಗುಪ್ತೋಷ್ಣದ ಪಾಠ ಕೇಳಿಯೇ ಯಂತ್ರ ಸುಧಾರಿಸಿದರು ಎಂಬುದು. ಕೆಲವು ಪುಸ್ತಕಗಳಲ್ಲೂ ಇದೆ. ಅದೂ ಪೂರ್ತಿ ನಿಜವಲ್ಲ. ಆ ಮಾದರಿ ಉಗಿ ವ್ಯರ್ಥ ಮಾಡುತ್ತಿದ್ದದ್ದು ಸಿಲಿಂಡರ್ ಪ್ರತಿ ಸಲ ತಣ್ಣಗಾಗಿ ಮತ್ತೆ ಬಿಸಿಯಾಗಬೇಕಿದ್ದರಿಂದ, ಅದನ್ನು ವ್ಯಾಟ್ ತಾವೇ ಅಳೆದು ಕಂಡುಕೊಂಡಿದ್ದರು. ಗುಪ್ತೋಷ್ಣ ಹೇಳಿದ್ದು ವ್ಯರ್ಥವಾದ ಒಂದೊಂದು ಗುಟುಕು ಉಗಿಯೂ ಎಷ್ಟು ದುಬಾರಿ ಎಂಬುದನ್ನು. ನಮ್ಮ ಅಭಿಪ್ರಾಯದಲ್ಲಿ ಅದೇನೂ ಸಣ್ಣ ಸಹಾಯವಲ್ಲ, ಆದರೆ ಯಂತ್ರ ವ್ಯಾಟ್‌ರದ್ದೇ.

ಅಚ್ಚಿಗೆ ಕೊಡದ ಪ್ರೊಫೆಸರು

1766ರಲ್ಲಿ ಬ್ಲ್ಯಾಕ್ ಕಲೆನ್‌ರ ಜಾಗಕ್ಕೆ ಎಡಿನ್‌ಬರೋಗೆ ಬಂದರು. ಮುಂದಿನ ಸುಮಾರು 30 ವರ್ಷ ಅಲ್ಲೇ ಪಾಠ. ಅಲ್ಲಿ ವಿದ್ಯಾರ್ಥಿಗಳು ಪ್ರೊಫೆಸರಿಗೇ ನೇರವಾಗಿ ಫೀಸು ಕಟ್ಟಿ ಕ್ಲಾಸಿನ ಟಿಕೆಟ್ ಪಡೆಯುತ್ತಿದ್ದರು. ಅಮೆರಿಕದಿಂದಲೂ ಹುಡುಗರು ಬಂದು ಕೂರುತ್ತಿದ್ದರು. ಆ ದೇಶದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಬೆಂಜಮಿನ್ ರಶ್ ಅವರಲ್ಲೊಬ್ಬರು. ನೈಟ್ರೋಜನ್ ಅನ್ನು ಮೊದಲು ಬೇರ್ಪಡಿಸಿದ ಡೇನಿಯಲ್ ರುದರ್‌ಫರ್ಡ್ ಇನ್ನೊಬ್ಬರು.

ಆದರೆ ಗುಪ್ತೋಷ್ಣದ ಬಗ್ಗೆ ಬ್ಲ್ಯಾಕ್ ಬದುಕಿರುವಷ್ಟು ಕಾಲ ಒಂದು ಲೇಖನವನ್ನೂ ಅಚ್ಚಿಗೆ ಕೊಡಲಿಲ್ಲ. ಆರೋಗ್ಯ ಸೂಕ್ಷ್ಮ, ಸ್ವಲ್ಪ ಶ್ರಮವಾದರೂ ಕೆಮ್ಮಿನಲ್ಲಿ ರಕ್ತ. ಜೊತೆಗೆ ಇನ್ನೂ ಪಕ್ಕಾ ಆಗಲಿ ಎಂಬ ಸ್ವಭಾವ. ವಿಷಯ ಹರಡಿದ್ದು ವಿದ್ಯಾರ್ಥಿಗಳ ಕೈಬರಹದ ನೋಟ್ಸಿನಿಂದ. ಅದರ ನಕಲು, ನಕಲಿನ ನಕಲು ಮಾರಾಟಕ್ಕೂ ಸಿಗುತ್ತಿತ್ತು. ಯಾರದ್ದು ಎಂಬುದು ಬರಬರುತ್ತ ಮಸುಕಾಗುವುದು ಹೀಗೆಯೇ. 1772ರಲ್ಲಿ ಸ್ವೀಡನ್ನಿನ ಯೋಹಾನ್ ವಿಲ್ಕೆ ಬಿಸಿನೀರಿಗೆ ಹಿಮ ಬೆರೆಸಿ ಇದನ್ನೇ ಸ್ವತಂತ್ರವಾಗಿ ಕಂಡುಹಿಡಿದು ಪ್ರಕಟಿಸಿದರು, ಅವರ ಅಳತೆ 72 ಡಿಗ್ರಿ. ಅಚ್ಚಿನ ದಿನಾಂಕವೇ ಲೆಕ್ಕವಾದರೆ ಮೊದಲಿಗರು ವಿಲ್ಕೆ.

1782–83ರ ಚಳಿಗಾಲದಲ್ಲಿ ಪ್ಯಾರಿಸ್‌ನಲ್ಲಿ ಲವಾಸಿಯೆ ಮತ್ತು ಲಾಪ್ಲಾಸ್ ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಒಂದು ಗಿನಿಯಿಲಿಯನ್ನು ಕೂರಿಸಿದರು. ಎಷ್ಟು ಮಂಜು ಕರಗಿತು ಎಂಬುದರಿಂದ ಪ್ರಾಣಿಯ ಮೈಶಾಖ ಅಳೆದರು. ಅದು ಉಸಿರಾಡಿ ಬಿಟ್ಟ ಗಾಳಿಯ ಲೆಕ್ಕವನ್ನು ಅದರ ಪಕ್ಕ ಇಟ್ಟರು. ಉಸಿರಾಟವೂ ಒಂದು ನಿಧಾನದ ಉರಿಯುವಿಕೆ ಎಂಬ ತೀರ್ಮಾನಕ್ಕೆ ಬಂದದ್ದು ಹಾಗೆ. ಮಂಜು ಮತ್ತು ಆ ಗಾಳಿ, ಬ್ಲ್ಯಾಕ್‌ರ ಎರಡು ಶೋಧಗಳೂ ಒಂದೇ ಪಾತ್ರೆಯಲ್ಲಿ.

ಎಡಿನ್‌ಬರೋದಲ್ಲಿ ಬ್ಲ್ಯಾಕ್ ಮದುವೆಯಾಗದೆ, ಶಾಂತವಾಗಿ ಬದುಕಿದರು. ಕೊಳಲು ನುಡಿಸುತ್ತಿದ್ದರು. ತತ್ವಜ್ಞಾನಿ ಡೇವಿಡ್ ಹ್ಯೂಮ್‌ರ ಕೊನೆಯ ಕಾಯಿಲೆಯಲ್ಲಿ ನೋಡಿಕೊಂಡ ವೈದ್ಯರು ಅವರೇ. ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಮತ್ತು ಭೂವಿಜ್ಞಾನಿ ಜೇಮ್ಸ್ ಹಟ್ಟನ್ ವಾರಕ್ಕೊಮ್ಮೆ ಊಟಕ್ಕೆ ಸೇರುವ ಗೆಳೆಯರು. 1790ರಲ್ಲಿ ಸಾವು ಹತ್ತಿರವಾದಾಗ ಸ್ಮಿತ್ ತಮ್ಮ ಅಪ್ರಕಟಿತ ಹಸ್ತಪ್ರತಿಗಳನ್ನು ಸುಡಿಸಿದ್ದು ಬ್ಲ್ಯಾಕ್ ಮತ್ತು ಹಟ್ಟನ್ ಕೈಯಿಂದಲೇ.

1799ರ ಡಿಸೆಂಬರ್ 6ರಂದು, 71ನೇ ವಯಸ್ಸಿನಲ್ಲಿ, ಅಳತೆ ಮಾಡಿಟ್ಟ ಮಿತ ಊಟಕ್ಕೆ ಕುಳಿತಿದ್ದಾಗ ಅವರ ಉಸಿರು ನಿಂತಿತು. ಹಾಲಿನ ಬಟ್ಟಲು ತೊಡೆಯ ಮೇಲೆ, ಒಂದು ಹನಿಯೂ ಚೆಲ್ಲದೆ ಕೈಯಲ್ಲೇ ಇತ್ತು. ಒಳಬಂದ ಆಳು ನಿದ್ದೆ ಹೋಗಿರಬೇಕೆಂದು ಬಾಗಿಲು ಹಾಕಿಕೊಂಡು ಹೋದ ಎಂದು ಬಂಧು ಆಡಂ ಫರ್ಗುಸನ್ ದಾಖಲಿಸಿದ್ದಾರೆ.

ಬಿಟ್ಟುಹೋದ ಪಾಠದ ಟಿಪ್ಪಣಿಗಳು ಅರೆಬರೆ, ಚದುರಿದ್ದವು. ಹಳೆಯ ಶಿಷ್ಯ ಜಾನ್ ರಾಬಿಸನ್ ಅವನ್ನೆಲ್ಲ ಕೂಡಿಸಿ 1803ರಲ್ಲಿ ಎರಡು ಸಂಪುಟಗಳಾಗಿ ಅಚ್ಚು ಹಾಕಿಸಿದರು. ಮಂಜಿನ ಬುರುಡೆಯ ಲೆಕ್ಕ ಬ್ಲ್ಯಾಕ್ ಹೆಸರಿನಲ್ಲಿ ಪೂರ್ತಿಯಾಗಿ ಪುಸ್ತಕ ಸೇರಿದ್ದು ಆಗ, ಪ್ರಯೋಗ ನಡೆದು 40 ವರ್ಷ ದಾಟಿದ ಮೇಲೆ. ಸಂಪುಟಗಳನ್ನು ರಾಬಿಸನ್ ಅರ್ಪಿಸಿದ್ದು ಜೇಮ್ಸ್ ವ್ಯಾಟ್‌ಗೆ. ವ್ಯಾಟ್ ಇಳಿವಯಸ್ಸಿನಲ್ಲಿ ಬರೆದು ತಿಳಿಸಿದರು: ತಾವು ಬ್ಲ್ಯಾಕ್‌ರ ಕ್ಲಾಸಿನಲ್ಲಿ ಕೂತವರಲ್ಲ, ಯಂತ್ರದ ಸುಧಾರಣೆ ಗುಪ್ತೋಷ್ಣದಿಂದ ಹುಟ್ಟಿದ್ದೂ ಅಲ್ಲ, ಆದರೆ ಸರಿಯಾಗಿ ತರ್ಕಿಸುವುದನ್ನು, ಪ್ರಯೋಗ ಮಾಡುವುದನ್ನು ಕಲಿತದ್ದರಲ್ಲಿ ಆ ಸ್ನೇಹದ ಋಣ ದೊಡ್ಡದು.